ಹಾಲಿನ ಡೈರಿ ಜಗಲಿಯಲ್ಲಿ ಊರಿನ ಹಳೇ ಕಾಗದ: ನನ್ನ ಅನುಭವ

"ಹಳ್ಳಿಯವರು ಟ್ರಂಕು ಬಿಚ್ಚಲ್ಲ ಕಣಮ್ಮ, ಐವತ್ತು ಫೋಟೊ ಸಿಕ್ಕಿದರೆ ನಿನ್ನ ಪುಣ್ಯ." ಒಂದು ಹಳ್ಳಿಯ ಹಳೇ ಫೋಟೊ, ಕಾಗದ ಸ್ಕ್ಯಾನ್ ಮಾಡಿ, ಹಿರಿಯರ ಮಾತು ರೆಕಾರ್ಡ್ ಮಾಡುವ ಇಂಟರ್ನ್‌ಶಿಪ್‌ಗೆ ನಾನು ಹೊರಟಾಗ ನಮ್ಮ ಕಾಲೇಜಿನ ಗೈಡ್ ಹೇಳಿದ ಮಾತು ಇದು. ಸೀನಿಯರ್‌ಗಳೂ ಅದನ್ನೇ ಹೇಳಿದ್ದರು. ಹತ್ತು ವಾರ ಮುಗಿಯುವ ಹೊತ್ತಿಗೆ ನನ್ನ ಹಾರ್ಡ್ ಡಿಸ್ಕಿನಲ್ಲಿ ಹೆಚ್ಚೂಕಡಿಮೆ 1,300 ಚಿತ್ರಗಳಿದ್ದವು. 60 ಚಿಲ್ಲರೆ ಮನೆಗಳ ಕಾಗದ ಮತ್ತು ಫೋಟೊ. ಮಾತಿನ ರೆಕಾರ್ಡಿಂಗ್ ಸುಮಾರು 19 ಗಂಟೆ. ಅದರಲ್ಲಿ ಮೊದಲ ನಾಲ್ಕು ವಾರದ ಗಳಿಕೆ ಎಷ್ಟು ಗೊತ್ತಾ? ಬರೀ 11 ಫೋಟೊ.

ಊರು ಮಂಡ್ಯ ತಾಲ್ಲೂಕಿನದು, ಪಕ್ಕದಲ್ಲೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹರಿಯುತ್ತದೆ. ಹೆಸರು ಬರೆಯುವುದಿಲ್ಲ, ಊರಿನವರಿಗೆ ಹಾಗೆ ಮಾತು ಕೊಟ್ಟಿದ್ದೇನೆ. ನಾನಿದ್ದದ್ದು ಮೈಸೂರಿನ ಹಾಸ್ಟೆಲ್‌ನಲ್ಲಿ. ಶಕ್ತಿ ಯೋಜನೆ ಇದ್ದದ್ದರಿಂದ ಬಸ್ಸಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಅದಿಲ್ಲದಿದ್ದರೆ ನಾಲ್ಕನೇ ವಾರಕ್ಕೇ ವಾಪಸ್ ಬಂದುಬಿಡುತ್ತಿದ್ದೆ.

ಮೊದಲು ನಾನು ಮಾಡಿದ್ದು ಈ ಕೆಲಸಕ್ಕೆ ಇಳಿದವರೆಲ್ಲ ಮಾಡುವುದನ್ನೇ. ಕಾಲೇಜಿನ ಲೆಟರ್‌ಹೆಡ್ ಹಿಡಿದು ಮನೆ ಮನೆ ಹತ್ತಿದೆ. "ನಿಮ್ಮ ಮನೆಯಲ್ಲಿ ಹಳೇ ಪತ್ರ, ದಾಖಲೆ ಇದೆಯಾ?" ಅಂತ ಕೇಳಿದೆ. ಆ ಪ್ರಶ್ನೆಯೇ ತಪ್ಪು. ಮಂಡ್ಯದ ಹಳ್ಳಿಯಲ್ಲಿ ಪತ್ರ ಅಂದರೆ ಜಮೀನು. ಮೂರನೇ ಮನೆಯಲ್ಲಿ ಒಬ್ಬ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, "ಪತ್ರ ಕೊಟ್ರೆ ನಾಳಿಕೆ ಜಮೀನು ಹೋಯ್ತದೆ, ಹೋಗವ್ವ" ಅಂದರು. ಅವರ ಮಾತಲ್ಲಿ ತಪ್ಪೇನಿಲ್ಲ. ಹಳೇ ಕ್ರಯಪತ್ರ ಒಂದು ಕೈ ತಪ್ಪಿದ್ದಕ್ಕೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟು ಅಲೆದ ಮನೆ ಅದೇ ಬೀದಿಯಲ್ಲಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಂತ ಕೇಳಿದ್ದಂತೂ ಇನ್ನೂ ಕೆಟ್ಟದಾಯಿತು. ಸಹಿ ಅಂದ ತಕ್ಷಣ ಕೊಟ್ಟ ಫೋಟೊವನ್ನೂ ಇಬ್ಬರು ವಾಪಸ್ ಇಸಿದುಕೊಂಡರು.

ಆಮೇಲೆ ಸಭೆ ಕರೆದೆ. ಟೀ, ಬಿಸ್ಕತ್ತು, ಬ್ಯಾನರ್ ಸೇರಿ 1,400 ರೂಪಾಯಿ ಹೋಯಿತು. ಬಂದವರು ಹದಿನೆಂಟು ಜನ, ಎಲ್ಲರೂ ಗಂಡಸರು, ಎಲ್ಲರೂ ಒಂದೇ ಪಾರ್ಟಿಯವರು. ಇನ್ನೊಂದು ಪಾರ್ಟಿಯವರು ಆಮೇಲೆ ಎರಡು ವಾರ ನನ್ನ ಜೊತೆ ಮಾತೇ ಆಡಲಿಲ್ಲ. ಸಭೆಯಿಂದ ಒಂದು ಕಾಗದವೂ ಬರಲಿಲ್ಲ.

ದಾರಿ ಕಂಡಿದ್ದು ಐದನೇ ವಾರ. ಬೆಳಗಿನ ಮೊದಲ ಬಸ್ಸಿಗೆ ಬಂದು ಡೈರಿ ಜಗಲಿ ಮೇಲೆ ಕೂತಿದ್ದೆ. ಹಾಲು ಹಾಕೋಕೆ ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಹೆಂಗಸರೇ ಜಾಸ್ತಿ. ಎರಡೂ ಪಾರ್ಟಿಯವರು, ಎಲ್ಲ ಜಾತಿಯವರು. ದಿನಕ್ಕೆ ಎರಡು ಹೊತ್ತು, ತಪ್ಪದೆ. ಇಡೀ ಊರು ಒಂದೇ ಕಡೆ ಸುಮ್ನೆ ನಿಂತಿರುವ ಜಾಗ ಇದೊಂದೇ ಅಲ್ವಾ ಅನ್ನಿಸಿತು. ಕೈಯಲ್ಲಿದ್ದ 11 ಫೋಟೊಗಳಲ್ಲಿ ಒಂದನ್ನು ಮಾರನೇ ದಿನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಡೈರಿ ಗೋಡೆಗೆ ಅಂಟಿಸಿದೆ. ಹಳೇ ಶಾಲೆಯ ಗುಂಪು ಫೋಟೊ, ಮೂರು ಸಾಲು ಹುಡುಗರು. ಕೆಳಗೆ ಒಂದೇ ಸಾಲು ಬರೆದೆ: "ಇವರು ಯಾರು?"

ಸಂಜೆ ಹಾಲಿನ ಹೊತ್ತಿಗೆ ಒಂಬತ್ತು ಹೆಸರು ಸಿಕ್ಕವು. ಮಾರನೇ ಬೆಳಿಗ್ಗೆ ಒಬ್ಬ ಅಕ್ಕ ಹಾಲಿನ ಕ್ಯಾನಿನ ಜೊತೆ ಸೆರಗಿನಲ್ಲಿ ಸುತ್ತಿಕೊಂಡು ಮದುವೆ ಫೋಟೊ ತಂದರು. "ನಮ್ಮತ್ತೆದೂ ಹಾಕವ್ವ" ಅಂದರು.

ಅಲ್ಲಿಂದ ನನ್ನ ಸ್ಕ್ಯಾನರ್ ಮೇಜು ಡೈರಿ ಜಗಲಿಗೇ ಬಂತು. ಡೈರಿಯಲ್ಲಿ ಕೂತದ್ದರಿಂದ ಇನ್ನೊಂದು ಲಾಭವೂ ಆಯಿತು. ಫ್ಯಾಟ್ ನೋಡುವ ಮಷೀನಿಗೆ ಅಲ್ಲಿ ಯುಪಿಎಸ್ ಇತ್ತು. ಸೆಕ್ರೆಟರಿ ಒಂದು ಪ್ಲಗ್ ಬಿಟ್ಟುಕೊಟ್ಟರು. ಕರೆಂಟ್ ಹೋದರೂ ನನ್ನ ಕೆಲಸ ನಿಲ್ಲಲಿಲ್ಲ.

ನಿಯಮ ಎರಡೇ ಇಟ್ಟುಕೊಂಡೆ. ಕಾಗದ ಯಜಮಾನರ ಕಣ್ಣ ಮುಂದಿನಿಂದ ಒಂದು ಅಡಿ ಆಚೆ ಹೋಗಬಾರದು. ಇವತ್ತು ಸ್ಕ್ಯಾನ್ ಆದದ್ದರ ಪ್ರಿಂಟ್ ನಾಳೆ ಹಾಲಿನ ಹೊತ್ತಿಗೆ ಅವರ ಕೈಯಲ್ಲಿರಬೇಕು. ಎರಡನೆಯದು ದುಬಾರಿ, ಆದರೆ ಕೆಲಸ ಮಾಡಿದ್ದು ಅದೇ. ಪ್ರಿಂಟ್ ಮನೆಗೆ ಹೋದರೆ ಪಕ್ಕದ ಮನೆಯವರು ನೋಡುತ್ತಾರೆ. ಮಾರನೇ ದಿನ ಅವರ ಟ್ರಂಕು ತೆರೆಯುತ್ತದೆ. ಸಹಿ ಬಿಟ್ಟೆ. ಒಪ್ಪಿಗೆಯನ್ನು ಮಾತಿನಲ್ಲೇ ರೆಕಾರ್ಡ್ ಮಾಡಿಕೊಂಡೆ: ಎಲ್ಲರೂ ನೋಡಬಹುದಾ, ಊರಿನವರು ಮಾತ್ರನಾ, ಯಾರೂ ಬೇಡವಾ. ಜಮೀನಿನ ಪತ್ರಗಳನ್ನು ಅವರು ಹೇಳದಿದ್ದರೂ ಮೂರನೇ ಗುಂಪಿಗೇ ಹಾಕಿದೆ.

ಯಾರೇ ಬಂದರೂ ಮೊದಲು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಕೇಳಿದರೆ ಹತ್ತರಲ್ಲಿ ಎಂಟು ಜನ ತಾವಾಗೇ ಮನೆಗೆ ಹೋಗಿ ಇನ್ನೊಂದು ಡಬ್ಬಿ ತರುತ್ತಾರೆ. ಆ ಪ್ರಶ್ನೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳೋಕೆ ನನಗೆ ಆರು ವಾರ ಹಿಡಿದಿದೆ.

ದುಡ್ಡಿನ ವಿಷಯ. ಸ್ಟೈಪೆಂಡ್ ತಿಂಗಳಿಗೆ 5,000 ಅಂದಿದ್ದರು, ಬಂದದ್ದು ಕೆಲಸ ಮುಗಿದು ಮೂರು ತಿಂಗಳಾದ ಮೇಲೆ. ಸೆಕೆಂಡ್ ಹ್ಯಾಂಡ್ ಫ್ಲಾಟ್‌ಬೆಡ್ ಸ್ಕ್ಯಾನರ್ 3,500ಕ್ಕೆ ಸಿಕ್ಕಿತು. ಎರಡು ಟಿಬಿ ಹಾರ್ಡ್ ಡಿಸ್ಕ್ ಐದೂವರೆ ಸಾವಿರದ ಹತ್ತಿರ. ಪ್ರಿಂಟಿಗೆ ಮಂಡ್ಯದ ಸ್ಟುಡಿಯೊದವರು ಸಣ್ಣ ಸೈಜಿಗೆ 15 ರೂಪಾಯಿ ಅಂದರು. ದಿನಾ ಬರುತ್ತೇನೆ ಅಂದಿದ್ದಕ್ಕೆ ಹತ್ತಕ್ಕೆ ಇಳಿಸಿದರು. ಪ್ರಿಂಟಿಗೇ ನಾಲ್ಕು ಸಾವಿರ ದಾಟಿತು. ಒಟ್ಟು 15,000 ಹತ್ತಿರ. ಅಣ್ಣ ಏಳು ಸಾವಿರ ಕೊಟ್ಟ, ಉಳಿದದ್ದು ನನ್ನ ಟ್ಯೂಷನ್ ದುಡ್ಡು. ಸಭೆಯ ಬ್ಯಾನರ್‌ಗೆ ಹಾಕಿದ ದುಡ್ಡಲ್ಲಿ ಅರವತ್ತು ಎಪ್ಪತ್ತು ಪ್ರಿಂಟ್ ಆಗುತ್ತಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಸ್ಕ್ಯಾನ್ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವ ಅಳತೆ ಡಿಪಿಐ; ಫೋಟೊಗೆ 600, ಕಾಗದಕ್ಕೆ 300 ಇಟ್ಟೆ. ಎಲ್ಲವೂ ಟಿಫ್, ಅಂದರೆ ಗುಣಮಟ್ಟ ಕಳೆಯದ ಚಿತ್ರದ ಫೈಲ್. ಸ್ಕ್ಯಾನರಿಗೆ ಹಿಡಿಸದ ದೊಡ್ಡ ಪತ್ರಗಳಿಗೆ ಪಿವಿಸಿ ಪೈಪಿನಲ್ಲಿ ಫೋನ್ ಸ್ಟ್ಯಾಂಡ್ ಮಾಡಿಕೊಂಡೆ. ಎರಡು ಕಡೆ ಎಲ್‌ಇಡಿ ದೀಪ, 600 ರೂಪಾಯಿಯೊಳಗೆ ಆಯಿತು.

ನಾನು ಕಳೆದುಕೊಂಡದ್ದನ್ನೂ ಹೇಳಬೇಕು. ಎರಡನೇ ವಾರ ಒಂದು ಮನೆಯಲ್ಲಿ ಗೋಡೆ ಮೇಲಿದ್ದ ಫ್ರೇಮ್ ಇಳಿಸಿದೆ. ಗಂಡ, ಹೆಂಡತಿ, ನಡುವೆ ಒಂದು ಮಗು. ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೇ ಅಂಟಿಕೊಂಡಿತ್ತು. ನಾನು ಮೂಲೆಯಿಂದ ನಿಧಾನವಾಗಿ ಎತ್ತಿದೆ. ಚರ್ರ್ ಅಂತ ಸದ್ದು ಬಂತು. ಹೆಂಡತಿಯ ಅರ್ಧ ಮುಖ ಗಾಜಿನ ಮೇಲೇ ಉಳಿಯಿತು. ಆ ಮನೆಯ ಸೊಸೆ ಏನೂ ಅನ್ನಲಿಲ್ಲ, ಫ್ರೇಮನ್ನು ಮತ್ತೆ ಅದೇ ಮೊಳೆಗೆ ಹಾಕಿದರು. ಆವತ್ತು ಬಸ್ಸಿನಲ್ಲಿ ಅಳುತ್ತಾ ಬಂದೆ. ಗಾಜಿಗೆ ಅಂಟಿದ ಫೋಟೊವನ್ನು ಎಳೆಯಲೇಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಸ್ವಲ್ಪ ಮಂಜಾಗಿ ಬಂದರೂ ಪರವಾಗಿಲ್ಲ, ಮುಖ ಇರುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಬಿಡಿಸೋಕೆ ಹಲ್ಲಿನ ಸಂದಿ ಚೊಕ್ಕಮಾಡುವ ನೂಲು (ಡೆಂಟಲ್ ಫ್ಲಾಸ್) ಚೆನ್ನಾಗಿ ಕೆಲಸ ಮಾಡುತ್ತದೆ, ಗಾಜಿಗೆ ಅದೂ ಬೇಡ.

ಇಸವಿ ಹಚ್ಚುವುದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ. ಮನೆಯವರು ಹೇಳುವ ಇಸವಿ ನಂಬಬೇಡಿ, ಕಾಗದವನ್ನೇ ಕೇಳಿ. "ಸ್ವಾತಂತ್ರ್ಯ ಬಂದ ವರ್ಷದ ಚೀಟಿ" ಅಂತ ಒಬ್ಬರು ತಂದದ್ದರಲ್ಲಿ ನಯೆ ಪೈಸೆ ಲೆಕ್ಕ ಇತ್ತು. ನಯೆ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. ಲಕೋಟೆ ಮೇಲೆ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ಮೈಸೂರು ರಾಜ್ಯ ಅಂತ ಅಚ್ಚಾಗಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಹಿಂದಿನದು. ಮೈಸೂರು ಜಿಲ್ಲೆ ಮಂಡ್ಯ ತಾಲ್ಲೂಕು ಅಂತಿದ್ದರೆ 1939ರಲ್ಲಿ ಮಂಡ್ಯ ಜಿಲ್ಲೆ ಆಗುವುದಕ್ಕೂ ಮುಂಚಿನದು. ನೆಂಟರ ಒಂದು ಕಾಗದದಲ್ಲಿ ಫ್ರೆಂಚ್ ರಾಕ್ಸ್ ಅಂತ ವಿಳಾಸ ಇತ್ತು. ಈಗಿನ ಪಾಂಡವಪುರ ಅದು. ಮನೆಯ ಹುಡುಗರು ಪರದೇಶ ಅಂದುಕೊಂಡಿದ್ದರು.

ಸಂವತ್ಸರದಲ್ಲಿ ಮಾತ್ರ ನಾನೇ ಬಿದ್ದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಒಂದು ಕ್ರಯಪತ್ರದಲ್ಲಿ ಬಹುಧಾನ್ಯ ಸಂವತ್ಸರ ಅಂತಿತ್ತು. ಶಕವರ್ಷ ಇದ್ದ ಅಂಚನ್ನು ಹುಳು ತಿಂದಿತ್ತು. ನಾನು ಲೆಕ್ಕ ಹಾಕಿ 1938 ಅಂತ ಬರೆದುಬಿಟ್ಟೆ. ರಿಪೋರ್ಟಿನ ಮೊದಲ ಕರಡಿನಲ್ಲೂ ಹೋಯಿತು. ಆಮೇಲೆ ಪತ್ರದ ಯಜಮಾನರ ಜೊತೆ ಆ ಹೊಲಕ್ಕೆ ಹೋದೆ. ಹೊಲದ ಪೂರ್ವಕ್ಕೆ ನಾಲೆ ಹರಿಯುತ್ತಿದೆ. ಪತ್ರದ ಚಕ್ಕುಬಂದಿ (ಹೊಲದ ನಾಲ್ಕು ದಿಕ್ಕಿಗೆ ಏನಿದೆ ಅಂತ ಬರೆದ ಭಾಗ) ನೋಡಿದರೆ ಪೂರ್ವಕ್ಕೆ ಬೇರೆಯವರ ಹೊಲ, ನಾಲೆಯ ಸುದ್ದಿಯೇ ಇಲ್ಲ. 1938ರ ಹೊತ್ತಿಗೆ ನಾಲೆಯಲ್ಲಿ ನೀರು ಬಂದಿತ್ತು, ಆಗ ಅದನ್ನು ಇರ್ವಿನ್ ನಾಲೆ ಅನ್ನುತ್ತಿದ್ದರು. ನಾಲೆಯ ನೀರಿನ ಕಬ್ಬು ನಂಬಿಕೊಂಡೇ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾಗಿದ್ದು. ಹಾಗಾದರೆ ಪತ್ರ ಅರವತ್ತು ವರ್ಷ ಹಿಂದಿನ ಬಹುಧಾನ್ಯದ್ದು, 1878. ಅಂದರೆ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಕಳೆದ ಮಾರನೇ ವರ್ಷ. ಹೊಲ ಯಾಕೆ ಅಷ್ಟು ಅಗ್ಗಕ್ಕೆ ಹೋಗಿದೆ ಅಂತ ನಾನೂ ಆ ಯಜಮಾನರೂ ಬದುವಿನ ಮೇಲೆ ನಿಂತು ಬಹಳ ಹೊತ್ತು ಮಾತಾಡಿದೆವು. ಚಕ್ಕುಬಂದಿ ಓದದೆ ಸಂವತ್ಸರಕ್ಕೆ ಇಸವಿ ಹಚ್ಚಬೇಡಿ.

ಮಧ್ಯೆ ಒಂದೆರಡು ಪ್ರಯೋಗ ಮಾಡಿದೆ. ಅಂಗಡಿಯವರು ನೋಟು ನೋಡುವ ನೇರಳೆ ಬೆಳಕಿನ ಟಾರ್ಚ್ 250 ರೂಪಾಯಿಗೆ ತಂದೆ. ಮಾಸಿಹೋದ ಹಳೇ ಶಾಯಿಯ ಮೇಲೆ ಕತ್ತಲಲ್ಲಿ ಬಿಟ್ಟರೆ ಅಕ್ಷರ ಕಪ್ಪಾಗಿ ಎದ್ದು ಬರುತ್ತದೆ. ಎಲ್ಲ ಶಾಯಿಗೂ ಆಗಲ್ಲ, ಏಳೆಂಟು ಕಾಗದದಲ್ಲಿ ಮೂರಕ್ಕೆ ಆಯಿತು. ಬೆಳಕು ಜಾಸ್ತಿ ಹೊತ್ತು ಬಿಡಬೇಡಿ, ಒಂದು ಫೋಟೊ ತೆಗೆದು ಆರಿಸಿ. ಕಾಗದಕ್ಕೆ ಹುಳು ಬಾರದಿರಲು ಬೇವಿನ ಸೊಪ್ಪು ಒಳ್ಳೆಯದೋ ನುಸಿಗುಳಿಗೆಯೋ ಹೋಲಿಸಿ ನೋಡೋಣ ಅಂತ ಎರಡು ಡಬ್ಬಿ ಇಟ್ಟೆ. ಐದು ವಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸೊಪ್ಪು ಪೂರ್ತಿ ಒಣಗಿರಲಿಲ್ಲ, ಕಾಗದಕ್ಕೆ ಸ್ವಲ್ಪ ತೇವ ತಗುಲಿತು.

ರೆಕಾರ್ಡಿಂಗಿನ ಪಾಠ ಅವರೆಕಾಯಿ ಕಲಿಸಿತು. ಎದುರು ಕೂರಿಸಿ ಮೈಕು ಇಟ್ಟರೆ ಅಜ್ಜಿಯರು "ನಂಗೇನ್ ಗೊತ್ತವ್ವ" ಅಂತ ನಿಲ್ಲಿಸಿಬಿಡುತ್ತಿದ್ದರು. ಒಂದು ಸಂಜೆ ಅವರ ಜೊತೆ ಮೊರದ ಮುಂದೆ ಕೂತು ಕಾಯಿ ಸುಲಿದೆ. ಎರಡು ಸೇರು ಕಾಳು ಆಗುವಷ್ಟರಲ್ಲಿ ನಾಲೆ ಬಂದ ಹೊಸದರಲ್ಲಿ ಊರಿಗೆ ಹಿಡಿದ ಚಳಿಜ್ವರ, ರಾಗಿ ಹೊಲ ಗದ್ದೆ ಆಗಿದ್ದು, ಕಂಪನಿಗೆ ಗಾಡಿ ಕಟ್ಟಿ ಕಬ್ಬು ಸಾಗಿಸಿದ್ದು, ಎಲ್ಲ ಬಂತು. ಅವರವ್ವ ಹೇಳಿದ್ದು, ಅವರು ಕಂಡದ್ದು ಎರಡೂ. ಸಿಪ್ಪೆ ಸುಲಿಯುವ ಸದ್ದು ರೆಕಾರ್ಡಿಂಗಿನಲ್ಲಿದೆ. ತೆಗೆಯಬಹುದಿತ್ತು, ತೆಗೆಯಲಿಲ್ಲ. ಆದರೆ ಫ್ಯಾನ್ ಮಾತ್ರ ಕಡ್ಡಾಯವಾಗಿ ಆರಿಸಿ.

ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಮನೆ ಕೊನೆಗೆ ತೆರೆಯಿತು. 1961ರ ಕಾಯ್ದೆಯಲ್ಲಿ ವಂಶದ ಶಾನುಭೋಗಿಕೆ ರದ್ದಾದ ಮೇಲೆ ಉಳಿದ ಲೆಕ್ಕದ ಕಟ್ಟುಗಳು ಅಟ್ಟದ ಮೇಲಿದ್ದವು. ಜೊತೆಗೆ ಒಂದು ಕಡತ. ಬಟ್ಟೆಗೆ ಹುಣಿಸೆ ಬೀಜದ ಸರಿ, ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆದದ್ದು. ಬೆರಳು ತಾಗಿದರೆ ಅಕ್ಷರ ಅಳಿಸುತ್ತದೆ. ಆರು ಮಡಿಕೆ ತೆಗೆಯೋಕೆ ನಾಲ್ಕು ಗಂಟೆ ತೆಗೆದುಕೊಂಡೆ. ಬೆಳಕನ್ನು ನೇರ ಬಿಡದೆ ಪಕ್ಕದಿಂದ ಬಿಟ್ಟರೆ ಬಳಪದ ಗೆರೆ ಕಾಣುತ್ತದೆ. ನಮ್ಮ ಗೈಡ್ ಈ ಚಿತ್ರಗಳನ್ನು ನೋಡಿ, ಎದ್ದು ಬಂದು ನನ್ನ ಕುರ್ಚಿ ಪಕ್ಕ ನಿಂತು ಮತ್ತೆ ನೋಡಿದರು. ಆ ಮನೆ ಹೇಗೆ ಒಪ್ಪಿತು ಅನ್ನುವುದು ನಾನೂ ಆ ಮನೆಯವರೂ ಇಟ್ಟುಕೊಂಡ ಮಾತು.

ಒಂಬತ್ತನೇ ವಾರ ಡೈರಿ ಮೇಜಿಗೆ ಬಂದ ಒಂದು ಡಬ್ಬಿಯಲ್ಲಿ ಗಂಡ, ಹೆಂಡತಿ, ನಡುವೆ ಮಗು ಇರುವ ಫೋಟೊ ಇತ್ತು. ನಾನು ಹಾಳು ಮಾಡಿದ ಅದೇ ಫೋಟೊದ ಇನ್ನೊಂದು ಪ್ರತಿ, ಆ ಹೆಂಡತಿಯ ತವರು ಮನೆಯವರ ಹತ್ತಿರ ಉಳಿದಿದ್ದು. ಮುಖ ಪೂರ್ತಿ ಇತ್ತು. ಮೂಗುತಿ ಸಹ ಕಾಣುತ್ತಿತ್ತು. ಅವರನ್ನು ಕೇಳಿ ಸ್ಕ್ಯಾನ್ ಮಾಡಿ, ದೊಡ್ಡ ಸೈಜಿನಲ್ಲಿ ಪ್ರಿಂಟ್ ಹಾಕಿಸಿದೆ, 120 ರೂಪಾಯಿ. ಸಂಜೆ ಹಾಲಿನ ಹೊತ್ತಿಗೆ ಕಾಯದೆ ಆ ಮನೆಗೇ ತೆಗೆದುಕೊಂಡು ಹೋದೆ. ಸೊಸೆ ಕೈ ಒರೆಸಿಕೊಂಡು ಬಂದು ನೋಡಿದರು. ಆಮೇಲೆ ಹಳೇ ಫ್ರೇಮ್ ಇಳಿಸಿ, "ಇದೇ ಫ್ರೇಮಿಗೆ ಹಿಡಿಸ್ತದಾ ನೋಡವ್ವ" ಅಂದರು. ಒಂದು ಬೆರಳು ದೊಡ್ಡದಾಯಿತು. ಇಬ್ಬರೂ ಕೂತು ಅಂಚು ಕತ್ತರಿಸಿದೆವು.