ಕುಡಿತ ಬಿಡಿಸಲು ಮನೆಯವರು, ಊರಿನವರು ಮಾಡಬೇಕಾದದ್ದು

ಸಿಂಧನೂರು, ಗಂಗಾವತಿಯ ಭತ್ತದ ಸೀಮೆಯಲ್ಲಿ ನಾಟಿಯ ಕೂಲಿ ಕೈಸೇರಿದ ಸಂಜೆಯೇ ಅದರ ಅರ್ಧ ಮದ್ಯದ ಪಾಲಾದರೆ, ಪೆಟ್ಟು ಮೊದಲು ಬೀಳುವುದು ಮಕ್ಕಳ ತಟ್ಟೆಗೆ, ಹೆಂಡತಿಯ ಮೈಗೆ. ಆದರೂ ಅಮಲಿನಲ್ಲಿರುವವನೊಡನೆ ವಾದಕ್ಕಿಳಿಯಬೇಡಿ. ಮರುದಿನ ಬೆಳಗ್ಗೆ, ಅವನು ಗೌರವಿಸುವ ಹಿರಿಯರನ್ನು ಕೂಡಿಸಿಕೊಂಡು ಮಾತನಾಡಿ.

ಬಹಳ ಮನೆಗಳು ಎಡವುವುದು ಇದರ ನಂತರ. ವರ್ಷಗಟ್ಟಲೆ ದಿನವೂ ಕುಡಿದವನಿಗೆ ದೇವರ ಮೇಲೆ ಆಣೆ ಮಾಡಿಸಿ ಒಮ್ಮೆಲೇ ಬಿಡಿಸಿದರೆ, 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ, ಎರಡು-ಮೂರು ದಿನಗಳಲ್ಲಿ ಇಲ್ಲದ್ದು ಕಾಣಿಸುವ, ಪ್ರಾಣಕ್ಕೇ ಎರವಾಗುವ ಭ್ರಮೆ ಹಿಡಿಯುತ್ತದೆ. ಅದನ್ನು ಗಾಳಿ ಸೋಂಕೆಂದು ತಿಳಿದು ತಾಯತ ಕಟ್ಟಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬಿಡುವ ಮೊದಲೇ ವೈದ್ಯರನ್ನು ಕಾಣುವುದು ಇನ್ನೂ ಒಳ್ಳೆಯದು. ಅವನಿಗೆ ತಿಳಿಯದಂತೆ ಊಟದಲ್ಲಿ ಪುಡಿ, ಮಾತ್ರೆ ಬೆರೆಸುವುದಂತೂ ಅಪಾಯಕಾರಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1980ರ ದಶಕದಲ್ಲಿ ಬಳ್ಳಾರಿಯಲ್ಲಿಯೇ ಪ್ರಯೋಗವಾಗಿ, ಆಮೇಲೆ ದೇಶಕ್ಕೆ ಮಾದರಿಯಾಯಿತು. ಇದರಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಮನೋವೈದ್ಯರ ಚಿಕಿತ್ಸೆಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ. ದೂರವಾಣಿಯಲ್ಲಿ ಸಲಹೆ ಬೇಕಾದರೆ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಹೊಡೆತ ಬಡಿತವಿದ್ದರೆ ಚಿಕಿತ್ಸೆಗಾಗಿ ಕಾಯದೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ತಿಳಿಸಿ.

ಕಿರಾಣಿ ಅಂಗಡಿಯಲ್ಲಿ ಪರವಾನಗಿಯಿಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಒಬ್ಬಳೇ ಹೆಣ್ಣುಮಗಳು ದೂರಿದರೆ ಹಗೆ ಕಟ್ಟಿಕೊಂಡಂತಾಗುತ್ತದೆ. ಆದ್ದರಿಂದ ಸ್ತ್ರೀಶಕ್ತಿ ಸಂಘದವರೆಲ್ಲರೂ ಸಹಿ ಹಾಕಿ ಅಬಕಾರಿ ಇಲಾಖೆಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.