ವೋಟಿಲ್ಲ, ಟ್ಯಾಕ್ಸ್ ಇದೆ: ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಚುನಾವಣೆ ಪಾಠ

2014ರಲ್ಲಿ ಒಂದು ದಿನ ಅಮ್ಮನಿಗೆ ಫೋನ್ ಮಾಡಿ, "ಇವತ್ತು ಕಾಂಗ್ರೆಸ್ ಕ್ಯಾಂಡಿಡೇಟ್ ಒಬ್ಬರ ಭಾಷಣ ಕೇಳೋಕೆ ಹೋಗಿದ್ದೆ" ಅಂದೆ. ತಿಪಟೂರಿನಿಂದ ತಕ್ಷಣ ಬಂತು ಉತ್ತರ: "ಅಯ್ಯೋ, ಅಲ್ಲೂ ಅವರೇನಾ?"

ಇಲ್ಲಿ ಅಮೆರಿಕದಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು. ಕೆಳಮನೆಯಲ್ಲಿ 435 ಜನ, ಎರಡು ವರ್ಷಕ್ಕೊಮ್ಮೆ ಚುನಾವಣೆ. ಸೆನೆಟ್ ಅನ್ನುವ ಮೇಲ್ಮನೆಯಲ್ಲಿ 100 ಜನ, ಆರು ವರ್ಷದ ಅವಧಿ. ಉಳಿದದ್ದು ನಾಗರಿಕತ್ವದ ಪರೀಕ್ಷೆಗೆ ಓದುವಾಗ ತಾನೇ ತಲೆಗೆ ಹತ್ತುತ್ತದೆ.

ನಾನು ಬಂದದ್ದು 2008ರಲ್ಲಿ, ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ. ಮೊದಲ ಐದಾರು ವರ್ಷ ಟೀವಿಯಲ್ಲಿ ಚುನಾವಣೆ ಜಾಹೀರಾತು ಬಂದರೆ ಚಾನೆಲ್ ತಿರುಗಿಸುತ್ತಿದ್ದೆ. ವೋಟೇ ಇಲ್ಲ, ಜಾಬ್ಸು, ಟ್ಯಾಕ್ಸು, ಸ್ಪೆಂಡಿಂಗು ಅಂತ ಯಾರು ಕೂಗಾಡಿದರೆ ನನಗೇನು ಅನ್ನುವ ಧಿಮಾಕು. ಆ ಧಿಮಾಕು ಇಳಿದದ್ದು 2013ರ ಅಕ್ಟೋಬರ್‌ನಲ್ಲಿ.

ಆಗ ಕೆಲಸ ಬದಲಾಯಿಸುತ್ತಿದ್ದೆ. ಹೊಸ ಕಂಪನಿಯ ಆಫರ್ ಲೆಟರ್ ಕೈಗೆ ಬಂದ ಖುಷಿಗೆ ಅದೇ ವಾರ ಹಳೇ ಕಂಪನಿಗೆ ರಾಜೀನಾಮೆ ಬಿಸಾಕಿದೆ. ಎಚ್-1ಬಿ ಬದಲಾವಣೆಗೆ ಮೊದಲು ಎಲ್‌ಸಿಎ ಅನ್ನುವ ಫಾರಂ ಕಾರ್ಮಿಕ ಇಲಾಖೆಯಲ್ಲಿ ಪಾಸಾಗಬೇಕು, ಏಳು ಕೆಲಸದ ದಿನದಲ್ಲಿ ಆಗುತ್ತದೆ ಅಂತ ವಕೀಲರು ಹೇಳಿದ್ದರು. ಅಕ್ಟೋಬರ್ 1ಕ್ಕೆ ಇಲ್ಲಿನ ಸರ್ಕಾರದ ಹೊಸ ಹಣಕಾಸು ವರ್ಷ ಶುರು. ಅಷ್ಟರೊಳಗೆ ಖರ್ಚಿನ ಮಸೂದೆ ಪಾಸಾಗದಿದ್ದರೆ ಸರ್ಕಾರದ ಅರ್ಧ ಅಂಗಡಿ ಬಂದ್. ಆ ವರ್ಷ ಪಾಸಾಗಲಿಲ್ಲ. ನನ್ನ ಫಾರಂ ನೋಡಬೇಕಾದ ಕಚೇರಿಯೂ ಬಾಗಿಲು ಹಾಕಿತು. ಹಳೇ ಕೆಲಸದ ಕೊನೇ ದಿನ 11ನೇ ತಾರೀಖು. ಈಗ ಕೆಲಸ ಹೋದರೆ 60 ದಿನದ ಗಡುವು ಸಿಗುತ್ತದಲ್ಲ, ಅದು ಆಗ ಇರಲಿಲ್ಲ. ಮೂರು ವರ್ಷದ ಮಗಳು, ಒಂದು ವರ್ಷದ ಲೀಸು, ಕೈಯಲ್ಲಿ ಎರಡು ಕಂಪನಿ, ನಿಲ್ಲೋದಕ್ಕೆ ಒಂದೂ ಇಲ್ಲ. ಮ್ಯಾನೇಜರ್ ಮುಂದೆ ಹೋಗಿ ನಿಂತು, ಬಿಟ್ಟು ಹೋಗ್ತೀನಿ ಅಂದವನೇ ಎರಡು ವಾರ ಇಟ್ಟುಕೊಳ್ಳಿ ಅಂತ ಹಲ್ಲು ಗಿಂಜಿದೆ. ಪುಣ್ಯಾತ್ಮ ಒಪ್ಪಿಕೊಂಡ. 16 ದಿನದ ಮೇಲೆ ಸರ್ಕಾರ ತೆರೆಯಿತು.

2025ರಲ್ಲಿ ಮತ್ತೆ 43 ದಿನ ಬಂದ್ ಆಯಿತು, ಅಲ್ಲಿಯವರೆಗಿನ ಅತಿ ಉದ್ದದ್ದು. ಅದಕ್ಕೇ ಹೇಳುತ್ತಿದ್ದೇನೆ: ಸೆಪ್ಟೆಂಬರ್‌ನಲ್ಲಿ ಕೆಲಸ ಬದಲಾಯಿಸುವವರು ಎಲ್‌ಸಿಎ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಅಭ್ಯರ್ಥಿ "ಸರ್ಕಾರದ ಖರ್ಚು" ಅಂದಾಗ ಆಕಳಿಸಬೇಡಿ.

ನನ್ನ ಪೇಚಾಟದ ಮಾರನೇ ವರ್ಷ, 2014ರಲ್ಲಿ, ನಾನು ಬಡಿದೆಬ್ಬಿಸಿದವನ ಹಾಗೆ ಭಾಷಣಗಳಿಗೆ ಹೋಗತೊಡಗಿದೆ. ನಮ್ಮದು 17ನೇ ಜಿಲ್ಲೆ, ಅಂದರೆ ನಮ್ಮ ಲೋಕಸಭಾ ಕ್ಷೇತ್ರದ ಥರ. ಫ್ರೀಮಾಂಟ್, ಸನ್ನಿವೇಲ್, ಕ್ಯುಪರ್ಟಿನೊ, ಸಾಂಟಾ ಕ್ಲಾರಾ, ಮಿಲ್ಪಿಟಾಸ್, ಅಂದರೆ ಇಡ್ಲಿ ಹಿಟ್ಟು ಸಿಗುವ ಊರುಗಳೆಲ್ಲ. ಕಣದಲ್ಲಿ ಮೈಕ್ ಹೋಂಡಾ ಮತ್ತು ರೋ ಖನ್ನಾ. ನನಗೆ ಅರ್ಥವಾಗದೇ ಹೋದದ್ದು ಒಂದೇ, ಇಬ್ಬರೂ ಡೆಮಾಕ್ರಟ್! "ಹಾಗಾದರೆ ಹೈಕಮಾಂಡ್ ಬಿ ಫಾರಂ ಕೊಟ್ಟಿದ್ದು ಯಾರಿಗೆ?" ಅಂತ ಪಕ್ಕದವನನ್ನ ಕೇಳಿದೆ. ಆತ ತೆಲುಗಿನವನು, ಪ್ರಶ್ನೆ ಪೂರ್ತಿ ಅರ್ಥವಾಯಿತು, ಬಿದ್ದು ಬಿದ್ದು ನಕ್ಕ. ಇಲ್ಲಿ ಬಿ ಫಾರಂ ಇಲ್ಲ. ಕ್ಯಾಲಿಫೋರ್ನಿಯಾದ ಪ್ರೈಮರಿಯಲ್ಲಿ ಎಲ್ಲ ಪಕ್ಷದವರೂ ಒಂದೇ ಚೀಟಿಯಲ್ಲಿರುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಪಕ್ಷ ನೋಡಿ ಕಣ್ಣು ಮುಚ್ಚಿ ಒತ್ತುವ ಅಭ್ಯಾಸ ಇಲ್ಲಿ ನಡೆಯಲಿಲ್ಲ, ಇಬ್ಬರ ಮಾತನ್ನೂ ಕೂತು ಕೇಳಲೇಬೇಕಾಯಿತು.

ಹೋಂಡಾ ಹಳಬರು, 2001ರಿಂದ ಸಂಸತ್ತಿನಲ್ಲಿದ್ದವರು. ಬೇ ಏರಿಯಾದ ಮೆಟ್ರೋ ಥರದ ಬಾರ್ಟ್ ರೈಲನ್ನ ಸ್ಯಾನ್ ಹೋಸೆ ಕಡೆಗೆ ತರಲು ಫೆಡರಲ್ ಸರ್ಕಾರದಿಂದ ಬಂದ 90 ಕೋಟಿ ಡಾಲರ್ ಅವರ ಹೆಮ್ಮೆ. ಖನ್ನಾ ವಾಣಿಜ್ಯ ಇಲಾಖೆಯಲ್ಲಿ ಕೆಲಸ ಮಾಡಿ ಬಂದವರು, ಕಾರ್ಖಾನೆ, ತಯಾರಿಕೆ, ಹೊಸ ಆರ್ಥಿಕತೆ ಅವರ ಮಂತ್ರ. 2014ರಲ್ಲಿ ಹೋಂಡಾ ಕೂದಲೆಳೆಯಲ್ಲಿ ಉಳಿದರು, 2016ರಲ್ಲಿ ಖನ್ನಾ ಗೆದ್ದರು. ಇವತ್ತು ಮಿಲ್ಪಿಟಾಸ್ ಸ್ಟೇಷನ್‌ನಲ್ಲಿ ರೈಲು ಹತ್ತುವಾಗ ನನಗೆ ನೆನಪಾಗುವುದು ಸೋತವರೇ. ಯಾರಿಗೆ ವೋಟು ಹಾಕಿ ಅಂತ ಹೇಳುವುದು ನನ್ನ ಕೆಲಸವಲ್ಲ. ಸರ್ಕಾರದ ಖರ್ಚಿಗೂ ಒಂದು ಪ್ಲಾಟ್‌ಫಾರಂ, ಒಂದು ಎಸ್ಕಲೇಟರ್ ಇರುತ್ತದೆ ಅಂತ ಹೇಳಿದೆ, ಅಷ್ಟೇ.

ಆ ವರ್ಷದ ಒಂದು ಸಭೆಯಲ್ಲಿ ಮೈಕ್ ನನ್ನ ಕೈಗೂ ಬಂತು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದೆ: "ಮನೆ ತೆರಿಗೆ ಯಾವಾಗ ಇಳಿಸ್ತೀರಿ?" ಸಭೆಯಲ್ಲಿ ಸಣ್ಣಗೆ ನಗು. ಅದು ಕೌಂಟಿಯ, ಅಂದರೆ ಸ್ಥಳೀಯ ಆಡಳಿತದ ವಿಷಯ, ಮನೆ ತೆರಿಗೆಗೆ ಮಿತಿ ಹಾಕಿದ 1978ರ ರಾಜ್ಯದ ಕಾನೂನು ಪ್ರಪೊಸಿಷನ್ 13ರ ವಿಷಯ, ಸಂಸತ್ತಿಗೆ ಸಂಬಂಧವಿಲ್ಲ ಅಂತ ಅಭ್ಯರ್ಥಿ ತಾಳ್ಮೆಯಿಂದ ಹೇಳಿದರು. ಚರಂಡಿಯಿಂದ ಕಾಶ್ಮೀರದವರೆಗೆ ಎಲ್ಲವನ್ನೂ ಎಂಪಿಯ ಹತ್ತಿರವೇ ಕೇಳುವ ಊರಿನಿಂದ ಬಂದವರು ನಾವು. ಇಲ್ಲಿ ಶಾಲೆಗೆ ಒಂದು ಮಂಡಳಿ, ರಸ್ತೆಗೆ ಒಂದು, ನೀರಿಗೆ ಇನ್ನೊಂದು.

ಆದರೆ ನನ್ನ ದಡ್ಡ ಪ್ರಶ್ನೆಗೆ ಒಂದು ಬಾಲ ಇತ್ತು, ಅದು ಗೊತ್ತಾದದ್ದು 2017ರ ಕೊನೆಯಲ್ಲಿ. ರಾಜ್ಯಕ್ಕೂ ಕೌಂಟಿಗೂ ಕಟ್ಟಿದ ತೆರಿಗೆಯನ್ನ ಫೆಡರಲ್ ಲೆಕ್ಕದಲ್ಲಿ ಕಳೆಯಬಹುದಿತ್ತು, ಸಂಸತ್ತು ಅದಕ್ಕೆ 10,000 ಡಾಲರ್ ಮಿತಿ ಹಾಕಿತು. ಫ್ರೀಮಾಂಟ್‌ನಲ್ಲಿ ಹೊಸದಾಗಿ ಮನೆ ಕೊಂಡವರಿಗೆ ಮನೆ ತೆರಿಗೆಯೊಂದೇ ಆ ಮಿತಿ ದಾಟುತ್ತದೆ, ರಾಜ್ಯದ ಆದಾಯ ತೆರಿಗೆಯ ಮಾತೇ ಬೇಡ. 2025ರ ಕಾನೂನು ಅದನ್ನ 40,000ಕ್ಕೆ ಏರಿಸಿದೆ, ಐದು ಲಕ್ಷ ಡಾಲರಿನ ಮೇಲೆ ಆದಾಯ ಇದ್ದವರಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಅಭ್ಯರ್ಥಿಗಳನ್ನ ಕೇಳಬೇಕಾದ ಪ್ರಶ್ನೆ ಅದಾಗಿತ್ತು. ಮೂರು ವರ್ಷ ಮುಂಚೆ ತಪ್ಪಾಗಿ ಕೇಳಿದ್ದೆ.

ಅದಕ್ಕಿಂತ ದೊಡ್ಡ ತಪ್ಪಿನಿಂದ ಬಚಾವಾದದ್ದು ಒಬ್ಬ ಗೃಹಿಣಿಯ ದಯೆಯಿಂದ. ಬೆಟ್ಟದ ಮೇಲಿನ ದೊಡ್ಡ ಮನೆ, ಸಮೋಸ, ಚಾ, ಒಬ್ಬ ಅಭ್ಯರ್ಥಿಗೆ ಚಂದಾ ಎತ್ತುವ ಸಂಜೆ. ಗಣೇಶನ ಹಬ್ಬಕ್ಕೆ ಬರೆದ ಹಾಗೆ 101 ಡಾಲರಿಗೆ ಚೆಕ್ ಬರೆದೆ, ಆ ಒಂದು ಡಾಲರ್ ಬಿಡದೆ. ಮನೆಯೊಡತಿ ಚೆಕ್ ನೋಡಿ ಮೆಲ್ಲಗೆ ಪಕ್ಕಕ್ಕೆ ಕರೆದರು. "ಗ್ರೀನ್ ಕಾರ್ಡ್ ಇದೆಯಾ?" ಇಲ್ಲ ಅಂದೆ. ಚೆಕ್ಕನ್ನ ಎರಡಾಗಿ ಹರಿದು ನನ್ನ ಕೈಗೇ ಕೊಟ್ಟರು. ವೀಸಾದ ಮೇಲಿರುವವರು ಇಲ್ಲಿನ ಯಾವ ಚುನಾವಣೆಗೂ ಒಂದು ಕಾಸು ಕೊಡುವಂತಿಲ್ಲ, ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಸಂಬಳವಿಲ್ಲದೆ ಮನೆಮನೆಗೆ ಕರಪತ್ರ ಹಂಚಬಹುದು, ಅದಕ್ಕೆ ಅಡ್ಡಿಯಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರಾಗಿ ನೋಂದಾಯಿಸಲೇ ಅನ್ನುವ ಪ್ರಶ್ನೆ ಬರುತ್ತದೆ. ನಾಗರಿಕರಲ್ಲದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ, ಹೌದು ಅನ್ನಬೇಡಿ. ಹತ್ತು ವರ್ಷ ಕಾದ ಕಾಗದ ಒಂದು ಟಿಕ್ಕಿಗೆ ನೀರಲ್ಲಿ ಹೋಮ.

ಆ ಸಂಜೆ ಚೆಕ್ ಬರೆದದ್ದು ಯಾಕೆ ಅಂತ ಆಮೇಲೆ ಯೋಚಿಸಿದೆ. ಹೆಸರು ನೋಡಿ. ನಮ್ಮೋರು, ಗ್ರೀನ್ ಕಾರ್ಡ್ ಸಾಲು ಕರಗಿಸ್ತಾರೆ ಅಂತ. ಜಾತಿ ಲೆಕ್ಕ ಹಾಕುವವರನ್ನ ಊರಲ್ಲಿ ಬೈಯುತ್ತಿದ್ದವನು ಇಲ್ಲಿ ಅದನ್ನೇ ಸೂಟು ಹಾಕಿಕೊಂಡು ಮಾಡಿದೆ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇಕಡಾ 7 ಅನ್ನುವ ಮಿತಿಯನ್ನ ತೆಗೆಯುವ ಬಿಲ್ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365ಕ್ಕೆ 65 ಮತಗಳಿಂದ ಪಾಸಾಯಿತು. ಮಂಡಿಸಿದವರು ಪಕ್ಕದ ಜಿಲ್ಲೆಯ ಝೋಯಿ ಲಾಫ್‌ಗ್ರೆನ್, ಸ್ಯಾನ್ ಹೋಸೆಯವರು, ನಮ್ಮ ಹಬ್ಬಗಳ ಪೋಸ್ಟರಿನಲ್ಲಿ ನಾವು ಹುಡುಕುವ ಮುಖವಲ್ಲ. ಕೊನೆಗೆ ಎರಡೂ ಮನೆಯ ಒಪ್ಪಿಗೆ ಕೂಡಿಬರದೆ ಅದು ಕಾನೂನಾಗಲಿಲ್ಲ.

ತೆರಿಗೆಯ ಮಾತಿಗೆ ಬಂದರೆ ಮೊದಲು ನಿಮ್ಮ ಪೇ ಸ್ಲಿಪ್ ನೋಡಿ. ಸೋಷಿಯಲ್ ಸೆಕ್ಯುರಿಟಿ ಅನ್ನುವ ಪಿಂಚಣಿಗೆ ಶೇಕಡಾ 6.2, ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 1.45, ಮೊದಲ ಸಂಬಳದಿಂದಲೇ. ಓಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದ ಮೇಲೆಯೇ ಕೆಲಸ ಮಾಡುವವರಿಗೆ, ಸಾಮಾನ್ಯವಾಗಿ ಮೊದಲ ಐದು ವರ್ಷ ವಿನಾಯಿತಿ. ಹತ್ತು ವರ್ಷ ಕಟ್ಟಿದರೆ ಮಾತ್ರ ಪಿಂಚಣಿಯ ಹಕ್ಕು. ಭಾರತಕ್ಕೂ ಅಮೆರಿಕಕ್ಕೂ ಈ ಬಗ್ಗೆ ಒಪ್ಪಂದವಿಲ್ಲ, ಹಾಗಾಗಿ ಎಂಟು ವರ್ಷಕ್ಕೆ ಊರಿಗೆ ಹೊರಟವನ ದುಡ್ಡು ಇಲ್ಲಿನ ಯಾರೋ ಅಜ್ಜಿಯ ಔಷಧಿಗೆ. ನನ್ನ ರೂಮ್‌ಮೇಟ್ ಹಾಗೇ ಹೋದ. "ಹೋಗ್ಲಿ ಬಿಡೋ, ಯಾರೋ ಒಂದು ಅಜ್ಜಿ ನನ್ನ ಹೆಸರಲ್ಲಿ ಬದುಕಿರ್ತಾಳೆ" ಅಂದ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಆ ಅಜ್ಜಿಯೇ ಈ ಸರ್ಕಾರದ ದೊಡ್ಡ ಖರ್ಚು. 2024ರ ಹಣಕಾಸು ವರ್ಷದಲ್ಲಿ ಖರ್ಚಾದದ್ದು ಸುಮಾರು 6.75 ಲಕ್ಷ ಕೋಟಿ ಡಾಲರ್. ಅದರಲ್ಲಿ ಒಂದೂವರೆ ಲಕ್ಷ ಕೋಟಿಯಷ್ಟು ಸೋಷಿಯಲ್ ಸೆಕ್ಯುರಿಟಿಗೇ. ಸಾಲದ ಬಡ್ಡಿ ಸೈನ್ಯದ ಖರ್ಚನ್ನೂ ಮೀರಿತು. ಕೊರತೆ 1.8 ಲಕ್ಷ ಕೋಟಿ. "ದುಂದುವೆಚ್ಚ ನಿಲ್ಲಿಸ್ತೀನಿ" ಅನ್ನುವವರನ್ನ ಅಜ್ಜಿಯದೋ, ಸೈನಿಕನದೋ, ಬಡ್ಡಿಯದೋ ಅಂತ ಕೇಳಿ. "ಎಲ್ಲರಿಗೂ ಕೊಡ್ತೀನಿ" ಅನ್ನುವವರನ್ನ ಯಾರ ಜೇಬಿನಿಂದ ಅಂತ ಕೇಳಿ. ಖನ್ನಾ 2017ರಲ್ಲಿ ಸೆನೆಟರ್ ಶೆರಾಡ್ ಬ್ರೌನ್ ಜೊತೆ ಕಡಿಮೆ ಸಂಬಳದವರ ತೆರಿಗೆ ರಿಯಾಯಿತಿಯನ್ನ ಹಿಗ್ಗಿಸುವ ಬಿಲ್ ತಂದರು, ಹತ್ತು ವರ್ಷಕ್ಕೆ ಅಂದಾಜು 1.4 ಲಕ್ಷ ಕೋಟಿ ಡಾಲರ್. ಪಾಸಾಗಲಿಲ್ಲ. ನಮ್ಮ ವಲಯದಲ್ಲಿ ಅದರ ಬಗ್ಗೆ ಒಬ್ಬರೂ ಮಾತಾಡಿದ್ದು ಕೇಳಲಿಲ್ಲ, ನಮಗೆ ಬರುವ ದುಡ್ಡಲ್ಲವಲ್ಲ. ರಾತ್ರಿ ಹತ್ತಕ್ಕೆ ನಮ್ಮ ಆಫೀಸಿನ ಕಸದ ಬುಟ್ಟಿ ಖಾಲಿ ಮಾಡುವ ಹೆಂಗಸಿಗೆ ಬರುತ್ತಿತ್ತು.

2025ರ ಮೇ ತಿಂಗಳು ನೆನಪಿದೆಯಾ? ನಾಗರಿಕರಲ್ಲದವರು ಊರಿಗೆ ಕಳಿಸುವ ದುಡ್ಡಿನ ಮೇಲೆ ಶೇಕಡಾ 5 ತೆರಿಗೆ ಅಂತ ಗುಲ್ಲೆದ್ದಿತು. ನಾನು ನಾಗರಿಕನಾಗಿದ್ದರೂ ಗಾಬರಿಯಲ್ಲಿ ಒಂದೇ ವಾರದಲ್ಲಿ ವರ್ಷದ ದುಡ್ಡೆಲ್ಲ ತಮ್ಮನಿಗೆ ಕಳಿಸಿದೆ, ಬಿಲ್ ಓದದೆ. ಕೆಳಮನೆಯಲ್ಲಿ ಅದು 3.5ಕ್ಕೆ ಇಳಿದು, 215ಕ್ಕೆ 214ರಲ್ಲಿ, ಒಂದೇ ಒಂದು ವೋಟಿನಲ್ಲಿ ಪಾಸಾಯಿತು. ಕೊನೆಗೆ ಉಳಿದದ್ದು ಶೇಕಡಾ 1, ಅದೂ ನಗದು, ಮನಿ ಆರ್ಡರ್ ಥರದ್ದಕ್ಕೆ, 2026ರಿಂದ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ. ತಮ್ಮ ಆ ದುಡ್ಡಲ್ಲಿ ಬೈಕ್ ತಗೊಂಡ.

ತಮ್ಮ ಅಂದೆನಲ್ಲ. ಅವನು ಮಾರತ್ತಹಳ್ಳಿಯಲ್ಲಿ ಕೂತು ಇಲ್ಲಿನ ಕಂಪನಿಯೊಂದಕ್ಕೆ ಕೋಡ್ ಬರೆಯುತ್ತಾನೆ. ನನಗೆ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿರುವ ಮುಳ್ಳು ಅದೇ. "ಜಾಬ್ಸ್" ಅನ್ನುವ ಪದಕ್ಕೆ ಎರಡೂ ಪಕ್ಷದ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ನಾನೂ ತಟ್ಟುತ್ತೇನೆ. 2022ರಲ್ಲಿ ಚಿಪ್ ತಯಾರಿಕೆಗೆ, ಸಂಶೋಧನೆಗೆ 5,270 ಕೋಟಿ ಡಾಲರ್ ಅಂದಾಗ ತಟ್ಟಿದೆ. 2025ರ ಕಾನೂನಿನಲ್ಲಿ ಸಂಶೋಧನೆಯ ಖರ್ಚನ್ನ ಇಲ್ಲೇ ಮಾಡಿದರೆ ಅದೇ ವರ್ಷ ತೆರಿಗೆಯಲ್ಲಿ ಕಳೆಯಬಹುದು, ಹೊರದೇಶದಲ್ಲಿ ಮಾಡಿಸಿದರೆ 15 ವರ್ಷಕ್ಕೆ ಹಂಚಬೇಕು. ಆ ಸೆಪ್ಟೆಂಬರ್‌ನಲ್ಲಿ ಒಹಾಯೊದ ಸೆನೆಟರ್ ಬರ್ನಿ ಮೊರೆನೊ ಹೊರಗುತ್ತಿಗೆಗೆ ಕೊಡುವ ದುಡ್ಡಿನ ಮೇಲೆ ಶೇಕಡಾ 25 ತೆರಿಗೆ ಹಾಕುವ ಬಿಲ್ ಮಂಡಿಸಿದರು. ಅದೇ ತಿಂಗಳು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಧ್ಯಕ್ಷರ ಆದೇಶ ಬಂತು. ಕೆಲಸ ಅಲ್ಲಿಗೆ ಹೋಗಬಾರದು, ಅಲ್ಲಿಯವನು ಇಲ್ಲಿಗೂ ಬರಬಾರದು. ನಾನು ಬಂದ ಬಾಗಿಲನ್ನ ನನ್ನ ಹಿಂದೆಯೇ ಮುಚ್ಚುವವರಿಗೂ ಚಪ್ಪಾಳೆ ತಟ್ಟಿದ್ದೀನಾ ಅಂತ ಕೆಲವು ರಾತ್ರಿ ಲೆಕ್ಕ ಹಾಕುತ್ತೇನೆ.

2008ರಿಂದ 2024ರವರೆಗೆ ನಾನು ಎಲ್ಲೂ ವೋಟು ಹಾಕಲಿಲ್ಲ. ಅನಿವಾಸಿಗಳು ಭಾರತದಲ್ಲಿ ಮತದಾರರಾಗಬಹುದು, ಆದರೆ ಬೂತಿಗೆ ಖುದ್ದು ಹೋಗಬೇಕು. ತಿಪಟೂರಿನ ಬೂತಿಗೆ ಟಿಕೆಟ್ಟು ತೆಗೆದು ಹೋಗುವ ನಿಷ್ಠೆ ನನ್ನಲ್ಲಿರಲಿಲ್ಲ. 2024ರ ಬೇಸಿಗೆಯಲ್ಲಿ ಪ್ರಮಾಣವಚನ ಆಯಿತು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿದೆ, ಸಾಗರೋತ್ತರ ಭಾರತೀಯ ಅನ್ನುವ ಓಸಿಐ ಕಾರ್ಡ್ ಬಂತು. ಅಕ್ಟೋಬರ್‌ನಲ್ಲಿ ಮತಪತ್ರ ಅಂಚೆಯಲ್ಲಿ ಬಂತು, ಹೆಗಲ ಮೇಲಿನ ಟವೆಲ್ಲಿನಷ್ಟು ಉದ್ದ. ಊಟದ ಮೇಜಿನ ಮೇಲೆ ಹರಡಿ, ಕಪ್ಪು ಪೆನ್ನಿನಲ್ಲಿ ಗುಂಡಿ ತುಂಬಿಸುತ್ತಾ ಕೂತೆ. ಕ್ಯೂ ಇಲ್ಲ, ಶಾಯಿ ಇಲ್ಲ, ಸ್ಕೂಲಿನ ಬೆಂಚಿನ ವಾಸನೆ ಇಲ್ಲ. ಅಮ್ಮ ವಿಡಿಯೋದಲ್ಲಿ ಎಡಗೈ ಬೆರಳು ತೋರಿಸು ಅಂದಳು. ಫಿಲ್ಟರ್ ಕಾಫಿಯ ಕಲೆ ತೋರಿಸಿದೆ.

ಮಗಳಿಗೆ ಈಗ 16. ಈ ರಾಜ್ಯದಲ್ಲಿ ಈ ವಯಸ್ಸಿಗೇ ಮುಂಗಡ ನೋಂದಣಿ ಮಾಡಿಸಬಹುದು, ಮಾಡಿಸಿದಳು, ಎರಡು ನಿಮಿಷ. ನನಗೆ 16 ವರ್ಷ ಹಿಡಿದಿತ್ತು. ಕನ್ನಡ ಅವಳಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಆ ತಪ್ಪನ್ನ ಬರೆಯಲು ಇನ್ನೊಂದು ಲೇಖನವೇ ಬೇಕು. ಮೊನ್ನೆ ಯಾವುದೋ ಅಭ್ಯರ್ಥಿಯ ಕರಪತ್ರ ಹಿಡಿದು ಅಡುಗೆಮನೆಗೆ ಬಂದಳು. ಕೆಲಸಗಳನ್ನ ವಾಪಸ್ ತರುತ್ತೇವೆ ಅನ್ನುವ ಸಾಲಿನ ಮೇಲೆ ಬೆರಳಿಟ್ಟು, ತನ್ನ ಮುರುಕು ಕನ್ನಡದಲ್ಲಿ ಕೇಳಿದಳು, "ಅಪ್ಪಾ, ಇದು ಚಿಕ್ಕಪ್ಪನ ಕೆಲ್ಸಾನಾ?"

ಒಗ್ಗರಣೆ ಸೀದುಹೋಗುತ್ತಿತ್ತು. ಮೊದಲು ಒಲೆ ಆರಿಸಿದೆ.