ಯಾವ ಉಸಿರಿಗೆ ಯಾವ ಮಾಸ್ಕ್

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ರಾತ್ರಿ ಪಾಳಿಯ ವೈದ್ಯೆಯಾಗಿದ್ದಾಗಿನ ಮಾತು. ಅರವತ್ತು ದಾಟಿದ ಅಜ್ಜಿಯೊಬ್ಬರನ್ನು ಬೇರೆ ಕಡೆಯಿಂದ ನಮ್ಮಲ್ಲಿಗೆ ಕಳಿಸಿದ್ದರು. ಮುಖಕ್ಕೆ ಚೀಲವಿರುವ ನಾನ್-ರಿಬ್ರೀದರ್ ಮಾಸ್ಕ್, ನಿಮಿಷಕ್ಕೆ 15 ಲೀಟರ್ ಆಮ್ಲಜನಕ. ಆಕ್ಸಿಮೀಟರ್ ರಕ್ತದ ಆಮ್ಲಜನಕ ಮಟ್ಟ ಶೇ. 98 ಎಂದು ತೋರಿಸುತ್ತಿತ್ತು. “ಅವ್ವ ಈಗ ನೆಮ್ಮದಿಯಾಗಿ ಮಲಗಿದ್ದಾಳೆ ಮೇಡಂ” ಎಂದ ಮಗ.

ನನಗೆ ದಿಗಿಲಾಯಿತು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದರು. ಕೈ ಚಾಚಿಸಿ ಹಿಡಿದರೆ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿಯುತ್ತಿತ್ತು. ಬೀಡಿ ಮುಟ್ಟಿದವರಲ್ಲ; ಆದರೆ ನಲವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದವರು, ಪ್ರತಿ ಚಳಿಗಾಲ ದಮ್ಮು. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ) ಇರುವ ಕೆಲವರಿಗೆ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಮಗ ನಿದ್ದೆ ಎಂದುಕೊಂಡದ್ದು ಆ ಮಂಪರನ್ನು.

ಆಮ್ಲಜನಕವನ್ನು ಥಟ್ಟನೆ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮಟ್ಟ ಮೊದಲಿಗಿಂತಲೂ ಕೆಳಗೆ ಕುಸಿಯುವ ಅಪಾಯವಿತ್ತು. ಶೇ. 28ರಷ್ಟು ಆಮ್ಲಜನಕ ಕೊಡುವ ಬಿಳಿ ವಾಲ್ವಿನ ವೆಂಚುರಿ ಮಾಸ್ಕ್ ಹಾಕಿ 4 ಲೀಟರಿಗೆ ಇಳಿಸಿದೆ. ಆಕ್ಸಿಮೀಟರಿನಲ್ಲಿ ಗುರಿ 88ರಿಂದ 92. ಆ ವಾಲ್ವಿನ ಕಿಂಡಿಗಳಿಂದ ಹೊರಗಿನ ಗಾಳಿ ಗೊತ್ತಾದ ಪ್ರಮಾಣದಲ್ಲಿ ಬೆರೆಯುತ್ತದೆ. ಚಳಿ ಎಂದು ಮಗ ಹೊದಿಸಿದ ಕಂಬಳಿ ಕಿಂಡಿಗಳನ್ನು ಮುಚ್ಚಿತ್ತು, ಸರಿಸಿದೆ. ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಬೇಕಾದೀತೆಂದು ಆಂಬುಲೆನ್ಸ್ ಸಿದ್ಧವಾಗಿರಿಸಿ, ನೆಬ್ಯುಲೈಸರ್ ಕೊಡಿಸುತ್ತ ಪಕ್ಕದಲ್ಲೇ ಕುಳಿತೆ. ಒಂದು ಗಂಟೆಯೊಳಗೆ ಕರೆದರೆ ಉತ್ತರಿಸತೊಡಗಿದರು. ಬೆಳಗಿನ ಜಾವ ಮಗನನ್ನು ಹೆಸರು ಹಿಡಿದು ಕರೆದರು.

ಆಮೇಲೆ ನಾನು ಮಾಸ್ಕಿಗೆ ಕೈ ಹಾಕುವ ಮೊದಲು ಶ್ವಾಸಕೋಶದ ಹಳೆಯ ಕಥೆ ಕೇಳುತ್ತೇನೆ, ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸುತ್ತೇನೆ. ಮೂಗಿನ ನಳಿಕೆ ಹಾಕಿಕೊಂಡೇ ಊಟ, ಮಾತು ಸಾಧ್ಯ. ಆದರೆ ಏದುಸಿರು ಬಿಡುವವರಿಗೆ ಹೊರಗಿನ ಗಾಳಿಯೇ ಹೆಚ್ಚು ಸೇರಿ ಆಮ್ಲಜನಕ ತೆಳುವಾಗುತ್ತದೆ. ಸಾದಾ ಮಾಸ್ಕನ್ನು 5 ಲೀಟರಿಗಿಂತ ಕೆಳಗಿಡುವುದಿಲ್ಲ; ಇಟ್ಟರೆ ಬಿಟ್ಟ ಉಸಿರನ್ನೇ ರೋಗಿ ಮತ್ತೆ ಎಳೆದುಕೊಳ್ಳುತ್ತಾರೆ. ನ್ಯುಮೋನಿಯಾದಿಂದ ತುಟಿ ನೀಲಿಗಟ್ಟಿದ ಯುವಕನಿಗಾದರೆ ಚೀಲದ ಮಾಸ್ಕೇ ಸರಿ, ಮೊದಲು ಚೀಲ ಉಬ್ಬಿಸಿಕೊಂಡು, ಹಿಂಜರಿಯದೆ 15 ಲೀಟರ್.

ವೆಂಚುರಿ ಸಿಗದ ದಿನ ಸಿಒಪಿಡಿ ರೋಗಿಗೆ ನಳಿಕೆಯಲ್ಲಿ 1 ಲೀಟರಿನಿಂದ ಆರಂಭಿಸುತ್ತೇನೆ. ಕೇಸ್ ಶೀಟಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘88–92’ ಎಂದು ಬರೆದಿಡುತ್ತೇನೆ. ಪಾಳಿ ಬದಲಾದಾಗ ಹೊಸದಾಗಿ ಬಂದ ಸಿಸ್ಟರ್ 90 ನೋಡಿ ಗಾಬರಿಯಿಂದ ಫ್ಲೋಮೀಟರ್ ತಿರುಗಿಸಿ ಆಮ್ಲಜನಕ ಏರಿಸಬಾರದಲ್ಲ.